ಏರ್‌ಪೋರ್ಟ್ ಮೆಟ್ರೋದಲ್ಲಿ ಅರುವತ್ತು ಕೊಟ್ಟೆ

ಚಂಪಕ್ಕನಿಗೆ ದಿಲ್ಲಿ ತಲುಪಿದ ಸಂತೋಷಕ್ಕಿಂತ ಹಿಟ್ಟು ಚೆಲ್ಲದೆ ತಲುಪಿದ ಸಂತೋಷವೇ ದೊಡ್ಡದಾಗಿತ್ತು. ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಕಾಯುತ್ತಿದ್ದ ನಿರೀಕ್ಷಾ "ಅತ್ತೇ!" ಎಂದು ಓಡಿ ಬಂದು ಕಾಲು ಮುಟ್ಟಲು ಬಗ್ಗಿದರೆ, "ಅದೆಲ್ಲ ಆಮೇಲೆ ಮಾರಾಯ್ತಿ, ಮೊದಲು ಇದನ್ನು ನೇರ ಹಿಡಿ" ಎಂದು ಟ್ರಾಲಿಯ ಮೇಲಿದ್ದ ಸ್ಟೀಲ್ ಕ್ಯಾನನ್ನು ತೋರಿಸಿದಳು.

ಕಾರ್ಕಳದಲ್ಲಿ ಚಂಪಕ್ಕನ ಕೈಯ ಕೊಟ್ಟೆ ಕಡುಬೆಂದರೆ ಹೆಸರು. ಹಲಸಿನ ನಾಲ್ಕು ಎಲೆಗಳನ್ನು ಕಡ್ಡಿ ಚುಚ್ಚಿ ಲೋಟದ ಹಾಗೆ ಹೆಣೆದು, ಅದರಲ್ಲಿ ಉದ್ದು-ಅಕ್ಕಿಯ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವ ಕಡುಬು. ಕೃಷ್ಣಾಷ್ಟಮಿಗೆ ಐನೂರು ಕೊಟ್ಟೆಯಾದರೂ ಅವಳ ಅಡುಗೆಮನೆಯಿಂದ ಹೊರಡುತ್ತಿತ್ತು. ಅಣ್ಣ ಜಯಾನಂದ ನೋಯ್ಡಾದಲ್ಲಿ ಹೋಟೆಲು ಹಾಕಿ ಇಪ್ಪತ್ತೆಂಟು ವರ್ಷವಾಗಿದ್ದರೂ, ಪ್ರತಿ ವರ್ಷ ಯಾರದೋ ಮದುವೆ, ಯಾರದೋ ಉಪನಯನದ ಆರ್ಡರು ಅಡ್ಡಬಂದು ಅವಳು ದಿಲ್ಲಿಯ ಕಡೆ ತಲೆ ಹಾಕಿರಲಿಲ್ಲ.

ಈ ಸಲ ಕರೆದವಳು ಅಣ್ಣನ ಮಗಳು. ನಿರೀಕ್ಷಾಗೆ ಇಪ್ಪತ್ನಾಲ್ಕು. ಕನಾಟ್ ಪ್ಲೇಸಿನ ಬಳಿಯ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅಲ್ಲಿ ಅಷ್ಟಮಿಯ ವಾರ ಕರಾವಳಿಯ ಊಟದ ಹಬ್ಬ ಮಾಡುತ್ತೇವೆಂದು ಮುಖ್ಯ ಬಾಣಸಿಗ ಅಭಿಷೇಕ್ ಹೇಳಿದಾಗ, ಇವಳು ಹಿಂದೆಮುಂದೆ ನೋಡದೆ "ಕೊಟ್ಟೆ ಕಡುಬು ನಮ್ಮ ಅತ್ತೆ ಮಾಡಿದ ಹಾಗೆ ಯಾರೂ ಮಾಡಲ್ಲ" ಅಂದುಬಿಟ್ಟಿದ್ದಳು. ಸರಿ, ಕರೆಸಿ ಎಂದರು. ಟಿಕೆಟ್ಟು ಕಳಿಸಿದರು. ಮೊದಲ ದಿನದ ಊಟ ಮಧ್ಯಾಹ್ನ ಒಂದು ಗಂಟೆಗೆ.

ಹಿಟ್ಟು ದಿಲ್ಲಿಯಲ್ಲೇ ರುಬ್ಬಬಹುದಿತ್ತು. ಚಂಪಕ್ಕ ಒಪ್ಪಲಿಲ್ಲ. ತನ್ನ ಬಾವಿಯ ನೀರು, ತನ್ನ ಕಡೆಯುವ ಕಲ್ಲು ಬಿಟ್ಟು ಮೊದಲ ದಿನವೇ ಪರೀಕ್ಷೆಗೆ ಕೂರಲು ಅವಳಿಗೆ ಧೈರ್ಯವಿರಲಿಲ್ಲ. ಹೊರಡುವ ಮುನ್ನ ತಣ್ಣೀರಿನಲ್ಲಿ ಕಡೆದು, ಕ್ಯಾನಿಗೆ ಅರ್ಧ ಮಾತ್ರ ತುಂಬಿಸಿ, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಹುಳಿ ಬರುವಂತೆ ಲೆಕ್ಕ ಹಾಕಿ ತಂದಿದ್ದಳು. ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮುನ್ನೂರು ಹಲಸಿನ ಎಲೆ, ಒಂದು ಕಟ್ಟು ಕಡ್ಡಿ. ಊರಲ್ಲೇ ಹೆಣೆದರೆ ದಾರಿಯಲ್ಲಿ ಅಪ್ಪಚ್ಚಿಯಾಗುತ್ತವೆ. ಹೋಟೆಲಿಗೆ ಹೋಗಿ ಕೂತರೆ ಮುಕ್ಕಾಲು ಗಂಟೆಯ ಕೆಲಸ.

ಆದರೆ ಹೋಟೆಲಿನ ಕಾರು ಬರಲಿಲ್ಲ. ಬೆಳಗ್ಗೆ ಬಿದ್ದ ಮಳೆಗೆ ಯಾವುದೋ ಅಂಡರ್‌ಪಾಸ್ ತುಂಬಿ, ಕಾರು ಅದರ ಈಚೆಗೂ ಅಲ್ಲ ಆಚೆಗೂ ಅಲ್ಲ ಎಂಬಂತೆ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಡ್ರೈವರ್ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಫೋನಿನಲ್ಲಿ "ಬಸ್, ಪಹುಂಚ್ ರಹಾ ಹೂಂ ಮೇಡಂ" ಎಂದು, ಬಂದೇಬಿಟ್ಟೆ ಅನ್ನುತ್ತಿದ್ದ. ಮಳೆ ನಿಂತು ಬಿಸಿಲು ಬಂದು ಗಾಳಿ ಹಬೆಯಾಗಿತ್ತು. ಹತ್ತು ಗಂಟೆಗೆ ಹೊರಗೆ ಬಂದವರಿಗೆ ಅಲ್ಲೇ ಹನ್ನೊಂದಾಯಿತು.

ನಿರೀಕ್ಷಾ ಫೋನಿನಲ್ಲಿ ಟ್ಯಾಕ್ಸಿ ಹುಡುಕಿದಳು. "ಅತ್ತೆ, ಕ್ಯಾಬ್ ಸಿಗುತ್ತೆ, ಲೇಕಿನ್ ಒಂದು ಗಂಟೆ ನಲವತ್ತು ನಿಮಿಷ ಅಂತ ತೋರಿಸ್ತಿದೆ. ಪೂರಾ ಜಾಮ್."

"ಬಸ್ಸು?"

"ಬಸ್ಸೂ ಅದೇ ರಸ್ತೆಯಲ್ಲೇ ಹೋಗೋದಲ್ವಾ."

ಚಂಪಕ್ಕ ಕ್ಯಾನಿನ ಮುಚ್ಚಳ ಸಡಿಲಿಸಿದಳು. ಹಿಟ್ಟು ಊರಿನಲ್ಲಿ ಇದ್ದಲ್ಲಿಂದ ನಾಲ್ಕು ಬೆರಳು ಮೇಲೆ ಬಂದಿತ್ತು. ನಡುವೆ ಉಬ್ಬಿ ಗುಳ್ಳೆ ಒಡೆಯುತ್ತಿತ್ತು. ಮೂಗು ಹತ್ತಿರ ತಂದು ಒಮ್ಮೆ ಉಸಿರೆಳೆದಳು.

"ಇದು ನಮಗಾಗಿ ಕಾಯುವುದಿಲ್ಲ ಮಗಾ. ಹನ್ನೆರಡೂಕಾಲಿಗೆ ಹಬೆಗೆ ಇಡದಿದ್ದರೆ ಹುಳಿ ಹೆಚ್ಚಾಗುತ್ತದೆ. ಇಲ್ಲಿ ರೈಲು ಉಂಟಲ್ಲ? ಅಣ್ಣ ಹೇಳುತ್ತಿದ್ದ."

"ಮೆಟ್ರೋ ಇದೆ. ಇಪ್ಪತ್ತು ನಿಮಿಷ ಸಾಕು. ಆದ್ರೆ ಅತ್ತೆ..." ನಿರೀಕ್ಷಾ ಸಂಕೋಚದಿಂದ ನಿಂತಳು. "ನೀವು ಗೆಸ್ಟ್. ಶೆಫ್ ಖುದ್ ಹೇಳಿದ್ರು, ಕಾರಲ್ಲೇ ಕರ್ಕೊಂಡು ಬಾ ಅಂತ. ಈ ಕ್ಯಾನ್, ಈ ಎಲೆ, ಸಾಮಾನು ಹೊತ್ಕೊಂಡು ಮೆಟ್ರೋದಲ್ಲಿ... ಸೆಕ್ಯುರಿಟಿಯವರು ಬಿಡ್ತಾರೋ ಇಲ್ವೋ. ಅಚ್ಛಾ ನಹೀ ಲಗೇಗಾ, ನೋಡಿದವರು ಏನಂತಾರೆ."

"ಟ್ಯಾಕ್ಸಿಯಲ್ಲಿ ನಾನು ಮಡಿಲಲ್ಲಿ ಕ್ಯಾನು ಹಿಡಿದು ಕೂರಬೇಕು. ಕೈ ಎರಡೂ ದಂಡ. ರೈಲಲ್ಲಿ ಕ್ಯಾನು ಕೆಳಗಿಟ್ಟರೆ ನನ್ನ ಕೈ ಖಾಲಿ."

"ಕೈ ಖಾಲಿ ಇದ್ರೆ ಏನು ಮಾಡ್ತೀರಿ?"

"ಬಾ, ತೋರಿಸುತ್ತೇನೆ" ಎಂದು ಚಂಪಕ್ಕ ಟ್ರಾಲಿಯನ್ನು ಮೆಟ್ರೋದ ಬಾಣದ ಗುರುತಿನ ಕಡೆ ತಿರುಗಿಸಿದಳು.

ನಿರೀಕ್ಷಾ ಹೆದರಿದ್ದೇ ಆಯಿತು. ಸಾಮಾನು ಪರೀಕ್ಷಿಸುವ ಯಂತ್ರದ ಪರದೆಯಲ್ಲಿ ಕ್ಯಾನು ಕಪ್ಪು ಗುಂಡಿನಂತೆ ಕಂಡಿತು. ಕಾವಲಿಗಿದ್ದ ಹರಿಯಾಣದ ಹುಡುಗಿ, ಬಿಗಿಯಾಗಿ ಜಡೆ ಹಾಕಿಕೊಂಡವಳು, "ಖೋಲೋ" ಅಂದಳು.

ಚಂಪಕ್ಕ ಹೈಸ್ಕೂಲಿನಲ್ಲಿ ಹಿಂದಿ ಪರೀಕ್ಷೆಗಳಿಗೆ ಕಟ್ಟಿ ಮೊದಲ ದರ್ಜೆಯಲ್ಲಿ ಪಾಸಾದವಳು. ನಲವತ್ತು ವರ್ಷ ಆ ಹಿಂದಿಯನ್ನು ಬಳಸುವ ಸಂದರ್ಭವೇ ಬಂದಿರಲಿಲ್ಲ. ಈಗ ಗಂಟಲು ಸರಿಮಾಡಿಕೊಂಡು, "ಕೃಪಯಾ ಸಾವಧಾನ್ ರಹಿಯೇ, ಬಹನ್‌ಜೀ. ಯಹ್ ಹಮಾರಾ ಭೋಜನ್ ಹೈ" ಅಂದಳು.

ಕಾವಲಿನ ಹುಡುಗಿ ಅವಳ ಮುಖವನ್ನೇ ನೋಡಿದಳು. ನಿರೀಕ್ಷಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು. ಮುಚ್ಚಳ ತೆಗೆದಾಗ ಹಿಟ್ಟು ಒಂದು ದೊಡ್ಡ ಗುಳ್ಳೆಯನ್ನು ಪಟ್ಟೆಂದು ಒಡೆಯಿತು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಬಗ್ಗಿ ಮೂಸಿದಳು.

"ಇಡ್ಲೀ?"

"ಇಡ್ಲೀ ಕೀ ಬಡೀ ಬೆಹನ್", ಇಡ್ಲಿಯ ಅಕ್ಕ, ಅಂದಳು ನಿರೀಕ್ಷಾ.

ಹುಡುಗಿಯ ಬಿಗಿದ ಮುಖದಲ್ಲಿ ಹಲ್ಲು ಕಂಡಿತು. "ಚಲೋ ಚಲೋ, ಮುಚ್ಚಿ. ಚೆಲ್ಲಿದ್ರೆ ನನ್ನ ತಲೆಗೆ ಬರುತ್ತೆ" ಎಂದು ಹಿಂದಿಯಲ್ಲಿ ಹೇಳಿ, ತಾನೇ ಒಂದು ಹಿಡಿಯನ್ನು ಹಿಡಿದು ಕ್ಯಾನನ್ನು ಟೇಬಲಿನಿಂದ ಇಳಿಸಿಕೊಟ್ಟಳು.

ಹನ್ನೊಂದೂ ಇಪ್ಪತ್ತರ ರೈಲು. ಒಳಗೆ ತಂಪಿತ್ತು. ಚಂಪಕ್ಕ ಸೀಟು ಹಿಡಿದು, ಕ್ಯಾನನ್ನು ಎರಡು ಪಾದಗಳ ನಡುವೆ ಇರಿಸಿ, ಮಡಿಲ ಮೇಲೆ ಟವೆಲ್ ಹಾಸಿ, ಎಲೆಯ ಗಂಟು ಬಿಚ್ಚಿದಳು. ಬಾಗಿಲು ಮುಚ್ಚುವಷ್ಟರಲ್ಲಿ ಮೊದಲ ಕೊಟ್ಟೆ ಮುಗಿದಿತ್ತು. ನಾಲ್ಕು ಎಲೆ ಕೂಡಿಸುತ್ತಾಳೆ, ಮಡಚುತ್ತಾಳೆ, ಕಡ್ಡಿ ಮುರಿದು ಚುಚ್ಚುತ್ತಾಳೆ, ತಿರುಗಿಸುತ್ತಾಳೆ. ಕೈ ಏನು ಮಾಡಿತೆಂದು ಕಣ್ಣಿಗೆ ತಿಳಿಯುವ ಮೊದಲೇ ಹಸಿರು ಲೋಟವೊಂದು ಪಕ್ಕಕ್ಕೆ ಬರುತ್ತದೆ.

"ಅರುವತ್ತು ಬೇಕು. ನೀನೂ ಹಿಡಿ" ಅಂದಳು.

"ನಂಗೆ ಬರಲ್ಲ ಅತ್ತೆ" ಅಂದ ನಿರೀಕ್ಷಾಳ ಮುಖ ಕೆಂಪಾಯಿತು. ಫ್ರೆಂಚರ ಸಾಸು ಹದಿನಾಲ್ಕು ಬಗೆ ಬರುತ್ತಿತ್ತು ಅವಳಿಗೆ. ಇದು ಮಾತ್ರ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ತಿಂದು ಎದ್ದದ್ದಷ್ಟೇ.

"ಬಾರದಿದ್ದರೆ ಈಗ ಬರುತ್ತದೆ. ಎಲೆಯ ಹೊಳಪಿನ ಬದಿ ಒಳಗೆ. ತೊಟ್ಟು ಹೊರಗೆ. ಹ್ಞಾಂ, ಅಲ್ಲಿ ಚುಚ್ಚು. ಬೆರಳಿಗಲ್ಲ, ಎಲೆಗೆ!"

ಎದುರಿನ ಸೀಟಿನಲ್ಲಿದ್ದ ಪಂಜಾಬಿ ಅಜ್ಜಿ ಇದನ್ನೇ ನೋಡುತ್ತಿದ್ದಳು. ಕನ್ನಡಕ ಏರಿಸಿ ಏನಿದು ಎಂದು ಕೇಳಿದಳು. ನಿರೀಕ್ಷಾ ನಾಲ್ಕು ಮಾತಿನಲ್ಲಿ ಹೇಳಿದಳು: ಕಾರು ಬರಲಿಲ್ಲ, ಹಿಟ್ಟು ಉಬ್ಬುತ್ತಿದೆ, ಒಂದು ಗಂಟೆಗೆ ಊಟ. ಅಜ್ಜಿ ಪಕ್ಕದವರನ್ನು ಸರಿಸಿ ಇತ್ತ ಬಂದು ಕೂತಳು. "ನಾನು ಸ್ವೆಟರ್ ಹೆಣೆದವಳು, ಇದೇನು ಮಹಾ" ಎಂದು ಹಿಂದಿಯಲ್ಲಿ ಹೇಳಿ ಕೈ ಚಾಚಿದಳು. ಮೊದಲನೆಯದು ಬಿಚ್ಚಿಹೋಯಿತು. ಎರಡನೆಯದು ನಿಂತಿತು. ಚಂಪಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, "ಉತ್ತಮ್! ಅತಿ ಉತ್ತಮ್!" ಅಂದಳು.

ಆಮೇಲೆ ಮಾನೇಸರ್‌ನ ಕಾರ್ಖಾನೆಯೊಂದರ ಎಂಜಿನಿಯರ್ ಬಂದ. ಕಾರಿನ ಬಿಡಿಭಾಗ ಮಾಡುವವನು, ಪುಣೆಯಿಂದ ಇಳಿದು ಮೀಟಿಂಗಿಗೆ ಹೊರಟಿದ್ದ. ಒಂದು ಕೊಟ್ಟೆಯನ್ನು ತಿರುಗಿಸಿ ಮುರುಗಿಸಿ, ಕಡ್ಡಿಗಳ ನಡುವಿನ ಅಂತರವನ್ನು ಬೆರಳಿನಿಂದ ಅಳೆದು, ಅಳತೆ ಬದಲಾದರೆ ಸೋರುವುದೇ ಎಂದು ಗಂಭೀರವಾಗಿ ಕೇಳಿದ. ಸೋರುತ್ತದೆ ಎಂದು ನಿರೀಕ್ಷಾ ಅನುವಾದಿಸಿದಳು. ಅವನು ಕೋಟು ಬಿಚ್ಚಿ ಕಂಬಿಗೆ ಸಿಕ್ಕಿಸಿ ನೆಲದ ಮೇಲೆ ಟ್ರಾಲಿ ಬ್ಯಾಗನ್ನೇ ಮಣೆ ಮಾಡಿಕೊಂಡು ಕೂತ. ಅವನ ಕೊಟ್ಟೆಗಳು ನಿಧಾನವಾಗಿ ಬಂದವು, ಆದರೆ ಅಚ್ಚಿನಲ್ಲಿ ತೆಗೆದ ಹಾಗೆ ಬಂದವು.

ಧೌಲಾ ಕುವಾಂ ದಾಟುವಾಗ ರೈಲು ಸಣ್ಣಗೆ ಕುಲುಕಿತು. ಕ್ಯಾನು ಒಂದು ಬದಿಗೆ ವಾಲಿತು. ಚಂಪಕ್ಕನ ಎರಡೂ ಕೈಯಲ್ಲಿ ಎಲೆ. "ಅಯ್ಯೋ!" ಅನ್ನುವಷ್ಟರಲ್ಲಿ ಅಜ್ಜಿ ತನ್ನ ಎರಡೂ ಕಾಲುಗಳಿಂದ ಕ್ಯಾನನ್ನು ಅಪ್ಪಿ ಹಿಡಿದಳು. ಮುಚ್ಚಳದ ಸಂದಿಯಿಂದ ಒಂದು ಬೊಟ್ಟು ಹಿಟ್ಟು ಇಣುಕಿ ಅಲ್ಲೇ ನಿಂತಿತು. ಬೋಗಿಯ ತುಂಬ ಜನ ನಕ್ಕರು. ಯಾರೋ ಎಣಿಸತೊಡಗಿದ್ದರು: ನಲವತ್ತೊಂದು, ನಲವತ್ತೆರಡು.

ಶಿವಾಜಿ ಸ್ಟೇಡಿಯಂ ನಿಲ್ದಾಣ ಬಂದಾಗ ಐವತ್ತೆಂಟಾಗಿತ್ತು. ಅಜ್ಜಿ ಮುಂದಿನ ನಿಲ್ದಾಣಕ್ಕೆ ಹೋಗುವವಳು. ತಾನು ತಂದಿದ್ದ ದೊಡ್ಡ ಬಟ್ಟೆಚೀಲದಿಂದ ಶಾಲುಗಳನ್ನು ಹೊರಗೆ ತೆಗೆದು, ಕೊಟ್ಟೆಗಳನ್ನು ಅದರಲ್ಲಿ ತುಂಬಿಸಿ ಕೊಟ್ಟಳು. ಚೀಲ ಹೇಗೆ ಹಿಂದಿರುಗಿಸಲಿ ಎಂದರೆ, "ಇಟ್ಟುಕೋ ಬೇಟೀ, ಜಯಿಸಿ ಬಾ" ಎಂದು ಚಂಪಕ್ಕನ ಕೆನ್ನೆ ಸವರಿದಳು. ಐವತ್ತಾರು ವರ್ಷದ ಚಂಪಕ್ಕನನ್ನು ಮಗಳೇ ಎಂದು ಯಾರಾದರೂ ಕರೆದು ಎಷ್ಟೋ ಕಾಲವಾಗಿತ್ತು. ಅಜ್ಜಿಗೆ ಕೈಮುಗಿದು ಇಳಿದಳು.

ಎಂಜಿನಿಯರನೂ ಅಲ್ಲೇ ಇಳಿಯುವವನು. ಉಳಿದ ಎರಡು ಕೊಟ್ಟೆಯನ್ನು ಲಿಫ್ಟಿನಲ್ಲಿ ಮುಗಿಸಿದ. ಹೊರಗೆ ಆಟೋದವರು ಅಷ್ಟು ಹತ್ತಿರಕ್ಕೆ ಬರುವುದಿಲ್ಲವೆಂದು ತಲೆ ಆಡಿಸಿದರು. ಅತ್ತೆ ಸೊಸೆ ಕ್ಯಾನಿನ ಒಂದೊಂದು ಹಿಡಿ ಹಿಡಿದು, ಒದ್ದೆ ಕಾಲುದಾರಿಯಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ನಡೆದರು. ಎದುರಿಗೆ ಬಂದವರೆಲ್ಲ ದಾರಿ ಬಿಟ್ಟರು. ನಿರೀಕ್ಷಾಗೆ ಏಕೋ ನಗು ತಡೆಯಲಾಗಲಿಲ್ಲ. ಅವಳ ನಗೆಗೆ ಚಂಪಕ್ಕನೂ ನಕ್ಕಳು. ಕ್ಯಾನು ಕುಲುಕತೊಡಗಿದಾಗ ಇಬ್ಬರೂ ನಿಂತು ನಕ್ಕು ಮುಗಿಸಿ ಮತ್ತೆ ಹೊರಟರು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಹೋಟೆಲಿನ ಹಿಂಬಾಗಿಲಿಂದ ಅಡುಗೆಮನೆ ಹೊಕ್ಕರು. ಶೆಫ್ ಅಭಿಷೇಕ್ ಗಾಬರಿಯಿಂದ ಫೋನು ಹಿಡಿದು ನಿಂತಿದ್ದ. "ಕಾರು ಇನ್ನೂ ಏರ್‌ಪೋರ್ಟ್ ತಲುಪಿಲ್ಲ ಅಂತ ಡ್ರೈವರ್ ಹೇಳ್ತಿದ್ದಾನೆ. ನೀವು ಹೇಗೆ..." ಎಂದ ಹಿಂದಿಯಲ್ಲಿ.

"ನೀರು ಕುದಿಯುತ್ತಿದೆಯಾ ಕೇಳು" ಅಂದಳು ಚಂಪಕ್ಕ ನಿರೀಕ್ಷಾಗೆ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ.

ಹಿಟ್ಟು ಮುಚ್ಚಳಕ್ಕೆ ತಾಗಿ ನಿಂತಿತ್ತು. ಉಪ್ಪು ಬೆರೆಸಿ, ಕೈಯಾಡಿಸಿ, ಕೊಟ್ಟೆಗಳಿಗೆ ಹೊಯ್ದಳು. ಮೂರು ಸೋರಿದವು. ಮೂರೂ ನಿರೀಕ್ಷಾ ಹೆಣೆದವು. ಎಂಜಿನಿಯರ್ ಮಾಡಿದ ಒಂದೂ ಸೋರಲಿಲ್ಲ. ನಿರೀಕ್ಷಾ ತಲೆ ತಗ್ಗಿಸಿದರೆ ಚಂಪಕ್ಕ ಅವಳ ಕೈಗೆ ಎಲೆ ಕೊಟ್ಟು, "ಇನ್ನು ಮೂರು ಮಾಡು. ನನಗೆ ನನ್ನ ಅತ್ತೆ ಹನ್ನೊಂದು ಸಲ ಬಿಚ್ಚಿಸಿದ್ದರು" ಅಂದಳು. ಈ ಸಲ ಮೂರೂ ಗಟ್ಟಿಯಾಗಿ ನಿಂತವು.

ಒಂದಕ್ಕೆ ಹತ್ತು ನಿಮಿಷವಿರುವಾಗ ಹಬೆಯ ಪಾತ್ರೆಯ ಮುಚ್ಚಳ ತೆಗೆದರು. ಬೆಂದ ಹಲಸಿನ ಎಲೆಯ ಪರಿಮಳ ಅಡುಗೆಮನೆಯ ಬೆಣ್ಣೆ, ಮಸಾಲೆಗಳ ವಾಸನೆಯನ್ನೆಲ್ಲ ಬದಿಗೆ ಸರಿಸಿತು. ತಂದೂರಿನ ಬಳಿ ಇದ್ದವನು ರೊಟ್ಟಿ ಬಿಟ್ಟು ಬಂದು ನಿಂತ. ಅಭಿಷೇಕ್ ಒಂದು ಕೊಟ್ಟೆಯ ಕಡ್ಡಿ ಬಿಡಿಸಿ, ಎಲೆ ಸುಲಿದು, ಮೇಲೆ ತೆಂಗಿನೆಣ್ಣೆ ಹಾಕಿಸಿಕೊಂಡು ತಿಂದ. ತಕ್ಷಣ ಎರಡನೆಯದಕ್ಕೆ ಕೈ ಹಾಕಿದ. ಚಂಪಕ್ಕ ಅವನ ಕೈ ಮೇಲೆ ಸಣ್ಣಗೆ ಹೊಡೆದು, "ಪಹಲೇ ಅತಿಥಿ! ಮೊದಲು ಅತಿಥಿಗಳಿಗೆ!" ಅಂದಳು. ಅಡುಗೆಮನೆಯಲ್ಲಿ ಯಾರೂ ಯಾವತ್ತೂ ಶೆಫ್‌ನ ಕೈಗೆ ಹೊಡೆದದ್ದಿಲ್ಲ. ಅಭಿಷೇಕ್ ಜೋರಾಗಿ ನಕ್ಕಾಗ ಪಾತ್ರೆ ತೊಳೆಯುವವರೂ ನಕ್ಕರು.

ಎರಡು ಗಂಟೆಯ ಒಳಗೆ ಕಡುಬು ಖಾಲಿಯಾಯಿತು. ಮರುದಿನಕ್ಕೆ ನೂರ ಇಪ್ಪತ್ತು ಬೇಕೆಂದು ಒಳಗೆ ಸುದ್ದಿ ಬಂತು. ಹಿಟ್ಟಿಗೆ ನೋಯ್ಡಾದ ಅಣ್ಣನ ಹೋಟೆಲಿನ ಕಲ್ಲು ಆಗುತ್ತದೆ ಎಂದು ಚಂಪಕ್ಕ ದೊಡ್ಡ ಮನಸ್ಸು ಮಾಡಿ ಒಪ್ಪಿದಳು. ಹೋಟೆಲಿನವರು ಇಲ್ಲೇ ತರಿಸಿದ ಹಲಸಿನ ಎಲೆ ಹೆಣೆಯಲು ಅಡುಗೆಮನೆಯ ನಾಲ್ವರನ್ನು ನಿರೀಕ್ಷಾಳ ಕೈಕೆಳಗೆ ಕೊಟ್ಟರು. ಕಲಿಸುವವಳಾಗಿ ನಿಂತ ಅವಳು, ಹೊಳಪಿನ ಬದಿ ಒಳಗೆ, ತೊಟ್ಟು ಹೊರಗೆ ಎಂಬ ಅತ್ತೆಯ ಮಾತನ್ನೇ ಹಿಂದಿಯಲ್ಲಿ ಹೇಳಿಕೊಡುತ್ತಿದ್ದಳು, "ಚಮಕ್ ವಾಲಾ ಸೈಡ್ ಅಂದರ್, ಡಂಠಲ್ ಬಾಹರ್." ಚಂಪಕ್ಕ ದೂರದಲ್ಲಿ ಮಣೆಯಂಥ ಸ್ಟೂಲಿನ ಮೇಲೆ ಕೂತು, ಕಾಲು ಚಾಚಿ, ಚಹಾ ಕುಡಿಯುತ್ತ ನೋಡಿದಳು.

ಸಂಜೆ ಐದಕ್ಕೆ ಗಂಡ ಸೂರ್ಯನಾರಾಯಣನ ಫೋನು ಬಂತು. "ತಲುಪಿದ ಸುದ್ದಿಯೇ ಇಲ್ಲ. ದಿಲ್ಲಿ ಹೇಗುಂಟು?"

"ನನಗೇನು ಗೊತ್ತು! ರೈಲಲ್ಲಿ ತಲೆ ಎತ್ತಲಿಲ್ಲ, ಇಲ್ಲಿ ಬಂದರೆ ಅಡುಗೆಮನೆ. ದಿಲ್ಲಿ ನೋಡಲಿಕ್ಕೆ ಈಗ ಹೊರಟದ್ದು. ಇಡುತ್ತೇನೆ, ಮಗು ಕಾಯುತ್ತಿದ್ದಾಳೆ."

ನಿರೀಕ್ಷಾ ಬಟ್ಟೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. "ಎಲ್ಲಿಗೆ ಹೋಗೋಣ ಅತ್ತೆ? ಇಂಡಿಯಾ ಗೇಟ್? ಜನಪಥ್?"

"ಎಲ್ಲಿ ಒಳ್ಳೆಯ ಜಿಲೇಬಿ ಸಿಗುತ್ತದೋ ಅಲ್ಲಿಗೆ" ಅಂದಳು ಚಂಪಕ್ಕ. "ಇವತ್ತು ಬೇರೆಯವರು ಮಾಡಿದ್ದನ್ನು ಕೂತು ತಿನ್ನಬೇಕು."