ಎಡ ಮೊಣಕೈಯ ದುರಸ್ತಿ

"ಗ್ಲೌಸ್ ಹಾಕ್ಕೊಳ್ಳಿ ಸರ್," ಎಂದು ಹರಾಜು ಮನೆಯ ಬಟ್ಟೆ ವಿಭಾಗದ ಹೆಂಗಸು ಒಂದು ಜೊತೆ ಬಿಳಿ ಕೈಗವಸುಗಳನ್ನು ಮೇಜಿನ ಮೇಲಿಟ್ಟಳು. ಹೇಳಿದ ಮೇಲೆ ಅವಳಿಗೇ ಒಂಥರಾ ಆಯಿತು. "ನಿಮಗೆ ನಾನು ಹೇಳೋದಾ! ಈ ರೂಲ್ಸೆಲ್ಲ ನಮಗೆ ಕಲಿಸಿದ್ದೇ ನೀವು."

ಕೋಟು ಮೇಷ್ಟರು ನಗಲಿಲ್ಲ. ಕೈಗವಸು ಹಾಕಿಕೊಂಡರು. ಹಳೇ ಬಟ್ಟೆ ಸಂಗ್ರಹಿಸುವವರ ನಡುವೆ ಅವರ ಹೆಸರೇ ಹಾಗೆ ನಿಂತುಬಿಟ್ಟಿತ್ತು. ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಜನ ನೆನಪಿಟ್ಟುಕೊಂಡದ್ದು ಮಾತ್ರ ಗಣಿತವನ್ನಲ್ಲ, ಅವರ ಮನೆಯ ಒಳಕೋಣೆಯಲ್ಲಿ ತೂಗುವ ಅರವತ್ಮೂರು ಕೋಟುಗಳನ್ನು. ಬ್ಯಾಂಡ್ ಮಾಸ್ಟರನ ಕೆಂಪು ಕೋಟು, ಹಡಗಿನ ಕಪ್ತಾನನದು, ನ್ಯಾಯಾಧೀಶರದು, ಹೆಸರಾಂತ ಡಿಸೈನರುಗಳು ಮೊದಮೊದಲು ಕತ್ತರಿಸಿದ ನಮೂನೆಗಳು. ಒಂದನ್ನೂ ಮೇಷ್ಟರು ಮೈಮೇಲೆ ಹಾಕಿಕೊಂಡವರಲ್ಲ. ಕೋಟು ಇರುವುದು ಹಾಕಿಕೊಳ್ಳುವುದಕ್ಕೆ ಎಂದು ಯಾರಾದರೂ ಅಂದರೆ ಅವರ ಮುಖ ನೋಡುವ ಹಾಗಿರುತ್ತಿರಲಿಲ್ಲ.

ಮೇಜಿನ ಮೇಲೆ ತೆಳು ಕಾಗದದ ಹಾಸಿನಲ್ಲಿ ಮಲಗಿದ್ದದ್ದು ಹರಾಜಿಗಿದ್ದ ನಲವತ್ತೊಂದನೇ ನಂಬರಿನ ಕೋಟು. ಕಪ್ಪು ಉಣ್ಣೆ, ಮಖಮಲ್ಲಿನ ಕಾಲರು, ಮೊಣಕಾಲಿನವರೆಗೆ ಉದ್ದ. ಇವತ್ತು ದೊಡ್ಡ ಹೆಸರು ಮಾಡಿರುವ ಒಬ್ಬ ಡಿಸೈನರನ ಮುತ್ತಜ್ಜ ತನ್ನ ಪುಟ್ಟ ಅಂಗಡಿಯಲ್ಲಿ ಕೂತು ಹೊಲಿದದ್ದು. ಪಕ್ಕದಲ್ಲಿದ್ದ ಹಾಳೆಯಲ್ಲಿ ಅದರ ಸ್ಥಿತಿಗತಿ ಟೈಪಾಗಿತ್ತು: 'ಎಡ ಮೊಣಕೈಯಲ್ಲಿ ನೀಲಿ ದಾರದ ಒರಟು ದುರಸ್ತಿ. ನುರಿತವರ ಕೈಯಲ್ಲ. ಬೆಲೆಗೆ ಬಾಧಕ.'

ಮೇಷ್ಟರು ಎಡ ತೋಳನ್ನು ಮೆಲ್ಲಗೆ ಹೊರಳಿಸಿದರು. ಇತ್ತು. ಕಿಟಕಿಯ ಬೆಳಕಿಗೆ ಕಪ್ಪು ಬಟ್ಟೆಯ ಮೇಲೆ ಹೆಬ್ಬೆರಳಿನಷ್ಟಗಲ, ಕಡುನೀಲಿ ದಾರದ ಅಡ್ಡ ಉದ್ದ ಗೆರೆಗಳು. ಮಗು ಚೌಕುಳಿ ಬರೆದ ಹಾಗೆ, ಒಂದು ಗೆರೆಯೂ ನೆಟ್ಟಗಿಲ್ಲ. ಬೆರಳಿಟ್ಟು ನೋಡಿದರು. ಕೈಗವಸಿನ ಹತ್ತಿಯಷ್ಟೇ ಬೆರಳಿಗೆ ತಾಗಿತು.

ಈ ಐದು ತಿಂಗಳು ಅವರಿಗೆ ಎಲ್ಲವೂ ಹೀಗೇ ತಾಗುತ್ತಿತ್ತು. ಹೆಂಡತಿ ಮೂರು ದಿನದ ಜ್ವರದಲ್ಲಿ ಹೊರಟುಹೋಗಿದ್ದಳು. ಮೇಷ್ಟರು ಅಳಲಿಲ್ಲ. ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದರು, ಬಂದವರಿಗೆ ಕುರ್ಚಿ ಹಾಕಿದರು, ಹೋಗುವವರನ್ನು ಬಾಗಿಲವರೆಗೆ ಕಳಿಸಿ ಬಂದರು. 'ಎಷ್ಟು ಗಟ್ಟಿ ಮನುಷ್ಯ' ಎಂದರು ಕೆಲವರು. 'ಕಲ್ಲು' ಎಂದರು ಇನ್ನು ಕೆಲವರು. ಎರಡೂ ಕಿವಿಗೆ ಬಿದ್ದವು, ಎರಡೂ ಒಳಗಿಳಿಯಲಿಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಕಾಲಾದರೆ ಜಾಡಿಸಬಹುದಿತ್ತು.

ಒಂದು ಮಧ್ಯಾಹ್ನ ಏನೋ ಹೊಳೆದು, ಅರವತ್ಮೂರು ಕೋಟುಗಳನ್ನೂ ಒಂದೊಂದಾಗಿ ಕಿಟಕಿಯ ಹತ್ತಿರ ತಂದು ಭೂತಗನ್ನಡಿ ಹಿಡಿದು ಕೂತಿದ್ದರು. ಇವುಗಳಲ್ಲಿ ಅರ್ಧಕ್ಕರ್ಧ ಕೋಟುಗಳಿಗೆ ರಫು ಹಾಕಿದವಳು ಅವಳು. ನುಸಿ ತಿಂದ ತೂತು, ಮೊಳೆ ತಾಗಿ ಹರಿದದ್ದು, ಸಿಗರೇಟಿನ ಕಿಡಿ ಬಿದ್ದದ್ದು, ಎಲ್ಲವನ್ನೂ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಎಳೆಗೆ ಎಳೆ ಸೇರಿಸಿ ನೇಯ್ದು ಮುಚ್ಚಿದ್ದಳು. ಅವಳ ಒಂದು ಹೊಲಿಗೆ ಸಿಕ್ಕಿದರೆ ಸಾಕು ಎಂದು ಎರಡು ದಿನ ಹುಡುಕಿದರು. ಬ್ಯಾಂಡ್ ಮಾಸ್ಟರನ ಕೋಟಿನ ಭುಜದಲ್ಲಿ ನಾಣ್ಯದಷ್ಟಗಲ ತೂತಿದ್ದದ್ದು ಅವರಿಗೆ ಚೆನ್ನಾಗಿ ಗೊತ್ತು. ಎಡ ಭುಜವೋ ಬಲ ಭುಜವೋ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಳು. ಮೇಷ್ಟರಿಗೆ ಸಿಟ್ಟು ಬಂತು. ಐದು ತಿಂಗಳಲ್ಲಿ ಬಂದ ಒಂದೇ ಒಂದು ಭಾವನೆ. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಕಾರ್ಡುಗಳನ್ನಾದರೂ ನೋಡೋಣವೆಂದರೆ ಅಲ್ಲೂ ಏನಿಲ್ಲ. ಪ್ರತಿ ಕೋಟಿಗೂ ಒಂದು ಕಾರ್ಡು: ಕಾಲ, ಬಟ್ಟೆ, ಹೊಲಿದವರು, ದುರಸ್ತಿ. ಬರೆಯುವವಳು ಅವಳೇ, ಏಕೆಂದರೆ ಬೋರ್ಡಿನ ಮೇಲೆ ಬರೆದು ಬರೆದು ಮೇಷ್ಟರ ಅಕ್ಷರ ಕಾರ್ಡಿನ ಗೆರೆಗಳ ನಡುವೆ ಹಿಡಿಯುತ್ತಿರಲಿಲ್ಲ. 'ದುರಸ್ತಿ' ಎಂಬಲ್ಲಿ ಅರವತ್ಮೂರರಲ್ಲೂ ಅವಳ ಸಣ್ಣ ದುಂಡಕ್ಷರದಲ್ಲಿ ಒಂದೇ ಮಾತು: 'ಇಲ್ಲ.'

"ಇಲ್ಲ ಅಂತಲೇ ಬರೀಲಾ?" ಎಂದು ಮೊದಲ ಸಲ ಅವಳು ಪೆನ್ನು ಹಿಡಿದು ಕೇಳಿದ್ದಳು.

"ಕಣ್ಣಿಗೆ ಕಾಣದೇ ಇದ್ದ ಮೇಲೆ ಇಲ್ಲ ಅಂತಲೇ ಅಲ್ವಾ?" ಎಂದಿದ್ದರು ಮೇಷ್ಟರು. ಅದು ಹೊಗಳಿಕೆ ಎಂದೇ ಅವರು ತಿಳಿದಿದ್ದರು. ಅವಳು ನಕ್ಕು ಬರೆದಿದ್ದಳು.

ಅವಳ ಕೈ ಕಾಣುವಂಥ ಕೋಟು ಪ್ರಪಂಚದಲ್ಲಿ ಒಂದೇ ಇತ್ತು. ಮದುವೆಯಾದ ಎರಡನೇ ವರ್ಷ ಮೇಷ್ಟರು ಗುಜರಿಯಿಂದ ತಂದ ಮೊಟ್ಟಮೊದಲ ಕೋಟು. ಅವರು ಸಂಜೆ ಪಾಠಕ್ಕೆ ಹೋಗಿದ್ದಾಗ, ಬಂದ ಮೇಲೆ ಅವರಿಗೆ ಆಶ್ಚರ್ಯವಾಗಲಿ ಎಂದು ಅವಳು ಮೊಣಕೈಯ ಹರಕು ಹೊಲಿದು ಕೂತಿದ್ದಳು. ಬಲ್ಬಿನ ಬೆಳಕಿನಲ್ಲಿ ಕಡುನೀಲಿ ದಾರ ಅವಳ ಕಣ್ಣಿಗೆ ಕಪ್ಪಾಗಿ ಕಂಡಿತ್ತು. ಮೇಷ್ಟರು ಮನೆ ಹಾರಿಹೋಗುವ ಹಾಗೆ ಕೂಗಾಡಿದರು. "ಕೆಡಿಸಿಬಿಟ್ಟೆಯಲ್ಲ! ಇನ್ನು ಇದನ್ನ ಯಾರು ಮೂಸಿ ನೋಡ್ತಾರೆ?" ವಾರದೊಳಗೆ ಬಂದ ಬೆಲೆಗೆ ಮಾರಿಬಿಟ್ಟರು. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಯಾರಿಗೂ ಹೇಳದೆ ರಫು ಕೆಲಸದ ಮುದುಕಿಯೊಬ್ಬಳ ಹತ್ತಿರ ಕಲಿಯಲು ಹೋದಳು.

ಮೊನ್ನೆ ಈ ಹರಾಜಿನ ಪಟ್ಟಿ ಅಂಚೆಯಲ್ಲಿ ಬಂದಾಗ ಮೇಷ್ಟರು ಸುಮ್ಮನೆ ಅಭ್ಯಾಸಬಲದಿಂದ ಹಾಳೆ ಮಗುಚುತ್ತಿದ್ದರು. ನೀಲಿ ದಾರ ಎಂಬಲ್ಲಿಗೆ ಬಂದಾಗ ಕೈ ನಿಂತಿತು.

"ಮೇಷ್ಟ್ರೇ, ಇದು ನನಗೆ ಬಿಟ್ಟುಬಿಡಿ." ಮೇಜಿನ ಆ ಕಡೆ ಬಂದು ನಿಂತಿದ್ದವನು ಒಬ್ಬ ಡಿಸೈನರ್. ಜುಟ್ಟು ಕಟ್ಟಿದ್ದ, ಕೊರಳಲ್ಲಿ ಅಳತೆಯ ಟೇಪು ಹಾರದ ಹಾಗೆ ಇಳಿಬಿದ್ದಿತ್ತು. ಹಳೇ ಕೋಟುಗಳನ್ನು ಕೊಂಡು, ಹೊಲಿಗೆಯೆಲ್ಲ ಬಿಚ್ಚಿ, ತುಂಡು ತುಂಡಾಗಿ ಹರಡಿ, ಕಾಗದದ ಮೇಲೆ ನಕಲು ಇಳಿಸಿಕೊಳ್ಳುವುದು ಅವನ ಪದ್ಧತಿ. ಮತ್ತೆ ಹೊಲಿಯುವ ಗೋಜಿಗೆ ಹೋಗುವವನಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಕಸಾಯಿ ಎನ್ನುತ್ತಿದ್ದರು. ಅವನ ಕಿವಿಗೂ ಬಿದ್ದಿತ್ತು, ಬೇಜಾರೇನೂ ಇರಲಿಲ್ಲ. "ರಿಪೇರಿ ಆದ ಮಾಲು ನಿಮಗೆ ಆಗಿಬರಲ್ಲವಲ್ಲ. ಈ ತೋಳಿನ ಕಟಿಂಗ್ ನೋಡಿ, ಎಂಥಾ ಕೈ ಅದು! ಬಿಚ್ಚಿ ನೋಡಬೇಕು ನಾನು."

"ಮೊಣಕೈ ಹತ್ರ ಇರೋದನ್ನ?"

"ಅದಾ? ಕತ್ತರಿಸಿ ಬಿಸಾಕಿದ್ರಾಯ್ತು. ಯಾವಳೋ ಕಣ್ಣು ಕಾಣದೋಳು ಹಾಕಿದ್ದಾಳೆ."

ಮೇಷ್ಟರ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ನನ್ನ ಹೆಂಡತಿ ಎಂದರೆ, ಹಾಗಾದರೆ 'ದುರಸ್ತಿ ಇಲ್ಲ' ಎಂದ ಆ ಅರವತ್ಮೂರರ ಕಥೆ ಏನು ಎಂಬ ಪ್ರಶ್ನೆ ಬರುತ್ತದೆ. "ನೋಡೋಣ," ಎಂದಷ್ಟೇ ಹೇಳಿ ಕೈಗವಸು ತೆಗೆದಿಟ್ಟರು.

ಹರಾಜಿನ ಕೋಣೆಯಲ್ಲಿ ಮೂರನೇ ಸಾಲು ಅವರದು. ಮೊದಲಿಂದಲೂ ಅದೇ. ಎಡಗಡೆಯ ಕುರ್ಚಿಯಲ್ಲಿ ಇವತ್ತು ಮಗಳು ಕೂತಿದ್ದಳು. ಅಪ್ಪ ಐದು ತಿಂಗಳಲ್ಲಿ ಮೊದಲ ಸಲ 'ಹೊರಗೆ ಹೋಗಬೇಕು' ಎಂದದ್ದಕ್ಕೆ ಆಫೀಸಿಗೆ ರಜೆ ಹಾಕಿ ಬಂದಿದ್ದಳು. ಅವಳಿಗೆ ಕೋಟು ಎಂದರೆ ಅಷ್ಟಕ್ಕಷ್ಟೆ. ಚಿಕ್ಕವಳಿದ್ದಾಗ ಆಟಕ್ಕೆ ಒಂದು ಕೋಣೆ ಬೇಕು ಎಂದಾಗಲೆಲ್ಲ ಆ ಕೋಣೆಯಲ್ಲಿ ಕೋಟುಗಳು ಇದ್ದವು.

"ಅಪ್ಪಾ, ಎಷ್ಟವರೆಗೆ ಹೋಗ್ತೀಯಾ?"

"ನೋಡೋಣ."

ಈ ಲೆಕ್ಕ ಮೇಷ್ಟರು ಎಂದೂ ಇಟ್ಟುಕೊಂಡವರಲ್ಲ. ಗಣಿತದ ಮೇಷ್ಟರಾದರೂ ಹರಾಜಿನಲ್ಲಿ ಕೂತರೆ ಸಂಖ್ಯೆಗಳು ತಲೆಯಿಂದ ಹಾರಿಹೋಗುತ್ತಿದ್ದವು. ಲೆಕ್ಕ ಹೆಂಡತಿಯದು. ಅವಳು ಅವರ ಎಡ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಕೂತಿರುತ್ತಿದ್ದಳು. ಇಬ್ಬರೂ ಮೊದಲೇ ಮಾತಾಡಿಕೊಂಡ ಬೆಲೆ ದಾಟಿದೊಡನೆ ಒಂದು ಸಲ ಜಗ್ಗುತ್ತಿದ್ದಳು. ಜಗ್ಗಿದರೆ ಮುಗಿಯಿತು, ಎಂಥ ಕೋಟಾದರೂ ಸರಿ, ಮೇಷ್ಟರು ಕೈಯಲ್ಲಿದ್ದ ನಂಬರಿನ ಹಲಗೆಯನ್ನು ತೊಡೆಯ ಮೇಲೆ ಮಗುಚಿ ಇಡುತ್ತಿದ್ದರು. ಹೊರಗೆ ಬಂದ ಮೇಲೆ ಒಂದಿಷ್ಟು ಗೊಣಗುತ್ತಿದ್ದರು, ಅದು ಬೇರೆ ಮಾತು.

"ನಲವತ್ತೊಂದು," ಎಂದು ಕೂಗಿದ ಹರಾಜುಗಾರ. ತೆಳ್ಳಗಿನ ಮನುಷ್ಯ, ಮಾತು ಮಾತ್ರ ದಪ್ಪ. "ಎಡ ಮೊಣಕೈಯಲ್ಲಿ ದುರಸ್ತಿ ಇದೆ, ಎಲ್ಲರೂ ನೋಡಿದ್ದೀರಿ. ಶುರು ಮಾಡೋಣ."

ಆರಂಭದ ಬೆಲೆಗೆ ನಾಲ್ಕು ಹಲಗೆ ಎದ್ದವು. ಎರಡನೇ ಕೂಗಿಗೆ ಎರಡೇ ಉಳಿದವು. ಜುಟ್ಟಿನವನು ಗೋಡೆಗೆ ಒರಗಿ ನಿಂತು, ನೊಣ ಓಡಿಸುವವನ ಹಾಗೆ ಹಲಗೆ ಆಡಿಸುತ್ತಿದ್ದ. ಮೇಷ್ಟರು ಎತ್ತಿದರು. ಅವನು ಎತ್ತಿದ. ಮೇಷ್ಟರು ಮತ್ತೆ ಎತ್ತಿದರು. ಮುಂದಿನ ಸಾಲಿನವರು ತಿರುಗಿ ನೋಡತೊಡಗಿದರು. ರಿಪೇರಿಯಾದ ಕೋಟಿಗೆ ಕೋಟು ಮೇಷ್ಟರು ಈ ಪಾಟಿ ಹಟ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ.

ಮೇಷ್ಟರು ಬೆಲೆ ಕೇಳಿಸಿಕೊಳ್ಳುತ್ತಿರಲಿಲ್ಲ. ಕೈ ಏಳುತ್ತಿತ್ತು, ಇಳಿಯುತ್ತಿತ್ತು. ಎಡ ತೋಳಿನ ತುದಿಯಲ್ಲಿ ಏನಾದರೂ ಆಗುತ್ತದೆಯೇ ಎಂದು ಮಾತ್ರ ಮನಸ್ಸು ಕಾಯುತ್ತಿತ್ತು. ಏನೂ ಆಗುತ್ತಿರಲಿಲ್ಲ. ಆಗದಿದ್ದರೆ ಇನ್ನೂ ಬೆಲೆ ದಾಟಿಲ್ಲವೆಂದೇ ಅರ್ಥ. ಎತ್ತಿದರು.

ಜುಟ್ಟಿನವನು ತುಟಿ ಸೊಟ್ಟ ಮಾಡಿ ತಲೆಯಾಡಿಸಿದ. ಹಲಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲ ಕಡೆ ಹೊರಟ.

"ಮೂರನೇ ಸಾಲಿನ ಸಾಹೇಬರದು. ಒಂದನೇ ಸಲ..."

ಮೇಷ್ಟರು ಮತ್ತೆ ಹಲಗೆ ಎತ್ತಿದರು.

ಹರಾಜುಗಾರ ತಡೆದ. "ಸರ್, ಈಗಿರೋದು ನಿಮ್ಮದೇ ಕೂಗು."

ಮೇಷ್ಟರು ಹಲಗೆ ಇಳಿಸಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. "ಮೇಷ್ಟ್ರಿಗೆ ಮೇಷ್ಟ್ರೇ ಪೈಪೋಟಿ," ಎಂದಿತು ಇನ್ನೊಂದು ದನಿ. ನಗು ಸಾಲಿಂದ ಸಾಲಿಗೆ ಹರಡಿತು. ಹಲಗೆ ಮಾತ್ರ ಮೇಲೇ ಇತ್ತು.

"ಅಪ್ಪಾ." ಮಗಳ ಮುಖ ಕೆಂಪಾಗಿತ್ತು. "ಅಪ್ಪಾ, ಸಾಕು. ಬೇರೆ ಯಾರೂ ಇಲ್ಲ." ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಏನು ಮಾಡಬೇಕೋ ತೋಚದೆ ಅವಳು ಅಪ್ಪನ ಎಡ ತೋಳಿನ ತುದಿ ಹಿಡಿದು ಒಂದು ಸಲ ಜಗ್ಗಿದಳು.

ಮೇಷ್ಟರು ಹಲಗೆಯನ್ನು ತೊಡೆಯ ಮೇಲೆ ಮಗುಚಿ ಇಟ್ಟರು. ಸುತ್ತಿಗೆ ಬಿತ್ತು. ಅವರು ತಿರುಗಿ ಎಡಗಡೆಯ ಕುರ್ಚಿಯತ್ತ ನೋಡಿದರು. ಅಲ್ಲಿ ಮಗಳಿದ್ದಳು. ನೋವಾಯಿತು.

"ಏನಾಯ್ತಪ್ಪಾ?"

"ಏನಿಲ್ಲ. ನಡಿ."

ಕೋಟು ಕಟ್ಟಿಕೊಡುವ ಕೌಂಟರಿನಲ್ಲಿ ಬಟ್ಟೆ ವಿಭಾಗದ ಹೆಂಗಸು ಓಡೋಡಿ ಬಂದಳು. "ಸರ್, ನೀವು ನಮಗೆ ಹಳಬರು. ಆ ಮೊಣಕೈದು ನಾವೇ ಬಿಚ್ಚಿಸಿ ಕೊಡ್ತೀವಿ, ದುಡ್ಡು ಬೇಡ. ನಮ್ಮಲ್ಲಿ ಒಳ್ಳೇ ಕೈಯೋರು ಬಂದಿದ್ದಾರೆ. ಒಂದು ವಾರದಲ್ಲಿ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ..."

"ಮುಟ್ಟಬೇಡಿ!"

ಕೌಂಟರಿನ ಆಚೆ ಈಚೆಯವರೆಲ್ಲ ತಿರುಗಿ ನೋಡಿದರು. ಶಾಲೆ ಬಿಟ್ಟ ಮೇಲೆ ಮೇಷ್ಟರ ದನಿ ಅಷ್ಟು ಎತ್ತರಕ್ಕೆ ಏರಿದ್ದಿಲ್ಲ. ಅವರು ಡಬ್ಬವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು, "ಬೇಡಮ್ಮಾ," ಎಂದು ಮೆಲ್ಲಗೆ ಸೇರಿಸಿದರು. "ಹೀಗೇ ಇರಲಿ."

ಮಗಳು ಕಾರು ಓಡಿಸಿದಳು, ದಾರಿಯುದ್ದಕ್ಕೂ ಡಬ್ಬ ಮೇಷ್ಟರ ತೊಡೆಯ ಮೇಲೇ ಇತ್ತು. ಮನೆಗೆ ಬಂದು ಒಳಕೋಣೆಯ ಮೇಜಿನ ಮೇಲೆ ಅವರು ಡಬ್ಬ ಬಿಚ್ಚಿದಾಗ ಮಗಳಿಗೆ ತಡೆಯಲಾಗಲಿಲ್ಲ.

"ಹರಿದು ಹೊಲಿದಿರೋದನ್ನ ಮನೆಗೇ ಸೇರಿಸಲ್ಲ ಅಂತಿದ್ದೆ. ಏನಿದೆ ಇದರಲ್ಲಿ?"

ಮೇಷ್ಟರು ಎಡ ತೋಳನ್ನು ಕಿಟಕಿಯ ಕಡೆ ತಿರುಗಿಸಿದರು. "ನಿಮ್ಮಮ್ಮ ಹಾಕಿದ್ದು."

ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಅಮ್ಮಾನಾ? ಇಷ್ಟು ಕೆಟ್ಟದಾಗಾ?" ಎಂದವಳಿಗೆ ನಗು ಬಂತು, ನಗುನಗುತ್ತಲೇ ಕಣ್ಣು ಒರೆಸಿಕೊಂಡಳು.

"ಮೊದಲನೇದು," ಎಂದರು ಮೇಷ್ಟರು. "ನಾನು ಬೈದೆ."

ಕೈಗವಸುಗಳು ಎಂದಿನ ಖಾನೆಯಲ್ಲಿದ್ದವು. ಮೇಷ್ಟರು ಅವನ್ನು ತೆಗೆಯಲಿಲ್ಲ. ಬರಿಗೈಯನ್ನು ತೋಳಿನೊಳಗೆ ತೂರಿಸಿದರು. ಕಂಕುಳಿಂದ ಕೆಳಗೆ ತಣ್ಣಗಿನ ಅಸ್ತರು ಜಾರುತ್ತ ಬಂದು, ಮೊಣಕೈಯ ಹತ್ತಿರ ಬೆರಳಿಗೆ ಏನೋ ಚುಚ್ಚಿತು. ಗಂಟು. ಬಿಚ್ಚಿಹೋದೀತೆಂದು ಹೆದರಿ ಒಂದರ ಮೇಲೊಂದು ಮೂರು ಗಂಟು ಹಾಕಿದ್ದಳು. ನಲವತ್ತು ವರ್ಷವಾದರೂ ಬಿಚ್ಚಿರಲಿಲ್ಲ. ಮೇಷ್ಟರು ಕೈಯನ್ನು ಅಲ್ಲೇ ಬಿಟ್ಟು ನಿಂತರು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ನಲ್ಲಿ ಬಹಳ ಹೊತ್ತು ಸುರಿಯಿತು.

ಆಮೇಲೆ ಅವರು ಖಾಲಿ ಕಾರ್ಡೊಂದನ್ನು ತೆಗೆದು, ಹೆಂಡತಿಯ ಪೆನ್ನು ಹಿಡಿದು ಕೂತರು. ಕಾಲ ಬರೆದರು. ಬಟ್ಟೆ ಬರೆದರು. ಹೊಲಿದವರ ಹೆಸರು ಬರೆದರು. 'ದುರಸ್ತಿ' ಎಂಬಲ್ಲಿ 'ಇದೆ' ಎಂದು ಬರೆದರು. ಅಕ್ಷರ ದೊಡ್ಡದಾಯಿತು. ಗೆರೆ ದಾಟಿ ಕೆಳಗಿಳಿಯಿತು. ಶಾಯಿ ಒಣಗಲೆಂದು ಕಾರ್ಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಎದ್ದು ಹೋಗಿ ಬ್ಯಾಂಡ್ ಮಾಸ್ಟರನ ಕೆಂಪು ಕೋಟನ್ನು ಗೂಟದಿಂದ ಇಳಿಸಿ ತಂದರು. ಬರಿಗೈಯನ್ನು ಅದರ ಅಸ್ತರಿನೊಳಗೆ ತೂರಿಸಿ, ಮೊದಲು ಎಡ ಭುಜ, ಆಮೇಲೆ ಬಲ ಭುಜ, ಮೆಲ್ಲಗೆ ತಡವತೊಡಗಿದರು.