ಬೇಗ ಖಾಲಿಯಾಗುತ್ತಿದ್ದ ಪಂಪು

ಮಗಳ ಉಬ್ಬಸದ ಪಂಪು ಈ ಸಲವೂ ತಿಂಗಳು ತುಂಬುವ ಮೊದಲೇ ಖಾಲಿಯಾದಾಗ ಸೌಮ್ಯಳ ಅನುಮಾನ ನೇರವಾಗಿ ಅತ್ತೆಯ ಮೇಲೆ ಹೋಯಿತು. ಅದು ಮಗುವಿಗೆ ಚಟವಾಗಿಬಿಡುತ್ತದೆ ಎಂದು ಬೀರಮ್ಮ ಮೊದಲಿನಿಂದಲೂ ಗೊಣಗುತ್ತಿದ್ದಳು. ಯಾರೂ ಇಲ್ಲದಾಗ ಗಾಳಿಗೆ ಒತ್ತಿ ಖಾಲಿ ಮಾಡುತ್ತಿರಬೇಕು ಎಂದೇ ಸೌಮ್ಯ ನಂಬಿದಳು.

ಭಾರತೀನಗರದ ಹತ್ತಿರದ ಆ ಮನೆಯಲ್ಲಿ ಮಕ್ಕಳಿಬ್ಬರು: ಸೌಮ್ಯಳ ಮಗಳು ಶೋಭಿತಾ, ಮೈದುನನ ಮಗ ಶಿವು. ಗದ್ದೆಯಲ್ಲಿ ಕಬ್ಬಿನ ತರಗು ಸುಟ್ಟರೆ ಇಬ್ಬರೂ ಕುಡಿಯುವುದು ಅದೇ ಹೊಗೆ. ಶಿವು ಒಂದಿಷ್ಟು ಕೆಮ್ಮಿ ಆಟಕ್ಕೆ ಓಡುತ್ತಿದ್ದ. ಶೋಭಿತಾಳಿಗೆ ಮಾತ್ರ ಪಕ್ಕೆ ಒಳಕ್ಕೆಳೆದು ಉಸಿರೇ ಕಟ್ಟುತ್ತಿತ್ತು. ವಂಶದಲ್ಲಿ ಯಾರಿಗಾದರೂ ಉಬ್ಬಸವಿತ್ತೇ ಎಂದು ಮಂಡ್ಯದ ಡಾಕ್ಟರು ಕೇಳಿದಾಗ ಗಂಡ ಅಂಬರೀಶ್ ತಾಯಿಯ ಮುಖ ನೋಡಿದ್ದ. ತಮ್ಮಲ್ಲಿ ಯಾರಿಗೂ ಇಲ್ಲ, ಸೊಸೆಯ ಮಳವಳ್ಳಿ ಕಡೆಯಿಂದಲೇ ಬಂದಿರಬೇಕು ಎಂದು ಬೀರಮ್ಮ ತಟ್ಟನೆ ಹೇಳಿದ್ದಳು. ಆ ಅವಸರ ಸೌಮ್ಯಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ಹೊಸ ಪಂಪನ್ನು ಸೌಮ್ಯ ಬೇಕೆಂದೇ ಗೋಡೆಯ ಗೂಡಿನಲ್ಲಿಟ್ಟು, ಅಂಗಡಿಗೆಂದು ಹೊರಟವಳು ಹಿತ್ತಲ ಕಡೆಯಿಂದ ಸದ್ದಿಲ್ಲದೆ ಬಂದಳು. ಕೊಟ್ಟಿಗೆಯ ಗೋಡೆಗೆ ಒರಗಿ ಬೀರಮ್ಮ ಕೂತಿದ್ದಳು. ಪಂಪು ಅವಳ ಬಾಯಲ್ಲೇ ಇತ್ತು. ಎದೆ ಸುಂಯ್ ಸುಂಯ್ ಎನ್ನುತ್ತಿತ್ತು.

ಬೈಯಲು ಸಿದ್ಧಮಾಡಿಕೊಂಡಿದ್ದ ಮಾತು ಬಿಟ್ಟು ಸೌಮ್ಯ ಅತ್ತೆಯ ಬೆನ್ನು ನೀವಿದಳು.

"ಅಂಬರೀಸಂಗೆ ಏಳ್‌ಬ್ಯಾಡ ಕಣವ್ವ," ಎಂದಳು ಬೀರಮ್ಮ, ಉಸಿರು ಸ್ವಲ್ಪ ಹದಕ್ಕೆ ಬಂದಮೇಲೆ. "ಮದ್ವೇಲಿ ಗೊತ್ತಾಗಿದ್ರೆ ನಿಮ್ ಮಾವ ನನ್ನ ತವ್ರಿಗೆ ಅಟ್‌ಬುಡ್ತಿದ್ರು."

ಚಿಕ್ಕಂದಿನಿಂದಲೂ ಅವಳಿಗೆ ಉಬ್ಬಸ. ಅವಳ ಅಣ್ಣ ಚಿಕ್ಕಮಾದು ಮುತ್ತತ್ತಿಯ ಜಾತ್ರೆಗೆ ಹೋದವನು ಉಸಿರು ಕಟ್ಟಿ ಸತ್ತಿದ್ದ. ಹೆಣ್ಣುಮಕ್ಕಳ ಮದುವೆ ನಿಂತುಹೋದೀತೆಂದು ಅಪ್ಪ ಅದನ್ನು ಜ್ವರ ಎಂದು ಸಾರಿದ್ದ.

ಸೌಮ್ಯ ಅತ್ತೆಯನ್ನು ಅದೇ ಡಾಕ್ಟರ ಬಳಿ ಕರೆದೊಯ್ದಳು. ಈ ವಿಷ ಮೊಮ್ಮಗಳಿಗೆ ತಾನೇ ಕೊಟ್ಟದ್ದಾ ಎಂದು ಬೀರಮ್ಮ ಕೇಳಿದಳು. ಹಾಗೆ ಒಬ್ಬರ ತಲೆಗೆ ಕಟ್ಟಲಾಗುವುದಿಲ್ಲ, ಹೊಗೆ ದೂಳು ಕೆಣಕುತ್ತವೆ, ಮೈ ಎಷ್ಟು ಜೋರಾಗಿ ಕೆರಳುತ್ತದೆ ಎಂಬುದರಲ್ಲಿ ವಂಶದ ಪಾಲೂ ಇರಬಹುದು, ಅದೂ ಎರಡೂ ಕಡೆಯಿಂದ ಬಂದು ಸೇರಿರಬಹುದು ಎಂದರು ಡಾಕ್ಟರು. ಈ ಸಂಗತಿ ಮೊದಲೇ ಗೊತ್ತಿದ್ದರೆ ಇನ್ನೂ ಎಚ್ಚರದಿಂದ ಇರುತ್ತಿದ್ದೆ ಎಂದು ಸೇರಿಸಿದರು. ಅಜ್ಜಿಗೆ ಬೇರೆ ಪಂಪು ಬರೆದುಕೊಟ್ಟರು.

ಎರಡೂ ಕಡೆ ಎಂಬ ಮಾತು ಸೌಮ್ಯಳನ್ನು ಬಿಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಮಳವಳ್ಳಿಗೆ ಫೋನು ಮಾಡಿ, ಜ್ವರದಿಂದ ಸತ್ತರೆಂದೇ ಮನೆಯಲ್ಲಿ ಹೇಳುತ್ತಿದ್ದ ಸೋದರಮಾವ ಮರಿಯಯ್ಯ ನಿಜಕ್ಕೂ ಹೇಗೆ ತೀರಿಕೊಂಡರು ಎಂದು ತಾಯಿಯನ್ನು ಕೇಳಿದಳು.

ಸಣ್ಣತಾಯಮ್ಮ ದನಿ ತಗ್ಗಿಸಿದಳು.

"ಅದ್ಯಾಕವ್ವ ಈಗ?" ಎಂದಳು. "ನಿಮ್ಮತ್ತೆ ಪಕ್ಕದಲ್ಲೇ ಅವ್ರಾ?"