ಕೆಂಪು ಗೊಂಚಲು, ಬಿಳಿ ಗೊಂಚಲು

ದರ್ಜಿ ಅಕ್ಕನ ಮೊಣಕೈವರೆಗೂ ಗುಳ್ಳೆ ಎದ್ದಿತ್ತು. ಸೂಜಿಗೆ ದಾರ ಪೋಣಿಸಲೂ ಬೆರಳು ಮಡಚುತ್ತಿರಲಿಲ್ಲ. ಎರಡು ದಿನದಿಂದ ಹೊಲಿಗೆ ಯಂತ್ರದ ಮುಚ್ಚಳ ತೆಗೆದಿರಲಿಲ್ಲ. ಮನೆ ಹಿಂದಿನ ದಿಬ್ಬದಲ್ಲಿ ಕೆಂಪು ಗೊಂಚಲು ಹೊತ್ತು ನಿಂತ ಕಾಡು ಸುಮಾಕ್ ಮರಗಳನ್ನು ಕಂಡರೇ ಅವಳಿಗೆ ಸಿಟ್ಟು.

"ಸುಮಾಕ್ ಅಂದ್ರೆ ವಿಷ ಅಂತಾರೆ. ಇವತ್ತೇ ಕಡಿದುಬಿಡಿ," ಎಂದು ಗಂಡನಿಗೆ ದುಂಬಾಲು ಬಿದ್ದಳು. ಬಡಗಿಯಾದ ಅವನು ಕೊಡಲಿ ಹಿಡಿದು ಹೊರಟೇಬಿಟ್ಟ.

ಅಷ್ಟರಲ್ಲಿ ಅತ್ತಿಗೆಯ ಕೈ ನೋಡಲು ನಾದಿನಿ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್.

"ಅಣ್ಣಾ, ಸ್ವಲ್ಪ ತಡಿ. ಅತ್ತಿಗೆ, ನೀವು ಈ ಮರ ಮುಟ್ಟಿದ್ರಾ?"

"ಇಲ್ಲಮ್ಮ. ಚರಂಡಿ ಪಕ್ಕದ ಜೌಗಲ್ಲಿ ಇಂಥದೇ ಒಂದಿತ್ತು. ಬಟ್ಟೆ ಒಣಗಾಕೋಕೆ ಅಡ್ಡ ಅಂತ ಕಡಿದುಹಾಕಿದೆ. ಎಲ್ಲಾ ಒಂದೇ ಜಾತಿ ತಾನೆ?"

"ನೋಡೋಕೆ ಹಾಗೆ. ಬನ್ನಿ ಇಲ್ಲಿ." ನಾದಿನಿ ದಿಬ್ಬದ ಮರವನ್ನು ತೋರಿಸಿದಳು. "ಗೊಂಚಲು ಕೆಂಪಗೆ, ನೆಟ್ಟಗೆ ಮೇಲಕ್ಕೆ ನಿಂತಿದೆ. ಎಲೆಯಂಚು ಅಣ್ಣನ ಗರಗಸದ ಥರ ಹಲ್ಲು ಹಲ್ಲು. ಇದು ಪಾಪದ್ದು, ಯಾರಿಗೂ ಏನೂ ಮಾಡಲ್ಲ. ವಿಷದ್ದಕ್ಕೆ ಜೌಗು ನೆಲ ಬೇಕು. ಅದರ ಎಲೆಯಂಚಲ್ಲಿ ಹಲ್ಲಿರಲ್ಲ. ಕಾಯಿ ಬಿಳಿಚಿಕೊಂಡು ಕೆಳಗೆ ಜೋತುಬಿದ್ದಿರುತ್ತೆ. ಕಡಿದಿದ್ದನ್ನ ಎಲ್ಲಿ ಹಾಕಿದ್ರಿ?"

ಅಕ್ಕ ಹಿತ್ತಲಿನ ಕಡೆ ತಿರುಗಿದಳು. ಕಸದ ಗುಡ್ಡೆಯ ಮೇಲೆ ಬಿಳಿ ಕಾಯಿಗಳ ಕೊಂಬೆಗಳು ಬಿದ್ದಿದ್ದವು. ಪಕ್ಕದಲ್ಲೇ ಅತ್ತೆ ಕುಕ್ಕರುಗಾಲಲ್ಲಿ ಕೂತು ಬೆಂಕಿಕಡ್ಡಿ ಗೀರುತ್ತಿದ್ದರು.

"ಅಮ್ಮಾ, ಬೇಡ!" ನಾದಿನಿ ಓಡಿಹೋಗಿ ಕಡ್ಡಿ ಊದಿ ಆರಿಸಿದಳು. "ಅತ್ತಿಗೆ ಕೈಗಾದದ್ದು ಈ ಹೊಗೆಯಿಂದ ನಿನ್ನ ಗಂಟಲೊಳಗೇ ಆಗುತ್ತೆ. ಮೊದಲೇ ದಮ್ಮು ನಿಂಗೆ."

ಬೆಳಿಗ್ಗೆ ಸುಡಲು ಹೇಳಿದ್ದೇ ಅಕ್ಕ.

ಗಂಡ ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಂಡು ಕೊಂಬೆಗಳನ್ನೆಲ್ಲ ಚೀಲಕ್ಕೆ ತುಂಬಿ ಅದರ ಬಾಯಿ ಕಟ್ಟಿದ. ಆಮೇಲೆ ದಿಬ್ಬದತ್ತ ನೋಡಿ, "ಆ ಮರಗಳ ಬೇರಿಲ್ಲದಿದ್ರೆ ಈ ಮಣ್ಣೆಲ್ಲ ಮಳೆಗೆ ಜರಿದು ಅಡುಗೆಮನೆಗೇ ಬರೋದು," ಎಂದ.

ಎರಡು ಹಕ್ಕಿಗಳು ಕೆಂಪು ಗೊಂಚಲನ್ನು ಕುಕ್ಕುತ್ತಿದ್ದವು. "ಇಷ್ಟು ವರ್ಷ ಈ ಮರ ಕಿಟಕಿಯೆದುರಿಗೇ ಇತ್ತು. ಒಂದಿನವೂ ಸರಿಯಾಗಿ ನೋಡಿರಲಿಲ್ಲ ನಾನು," ಎಂದಳು ಅಕ್ಕ ಮೆಲ್ಲಗೆ.

ಅಕ್ಕಂದಿರೇ, ಅಣ್ಣಂದಿರೇ, ಗುರುತು ಖಚಿತವಾಗದ ಗಿಡವನ್ನು ಮುಟ್ಟಬೇಡಿ, ತಿನ್ನಬೇಡಿ, ಸುಡಲೇಬೇಡಿ. ಮುಟ್ಟಿದ್ದರೆ ಕೂಡಲೇ ಸೋಪಿನಿಂದ ತೊಳೆಯಿರಿ. ಗುಳ್ಳೆ ಎದ್ದರೆ ವೈದ್ಯರಿಗೆ ತೋರಿಸಿ. ಆದರೆ ಒಂದರ ತಪ್ಪಿಗೆ ಇನ್ನೊಂದನ್ನು ಕಡಿಯಬೇಡಿ. ನಿಮ್ಮ ಹಿತ್ತಲಲ್ಲಿ ನಿಂತಿರುವುದು ಯಾರು ಎಂದು ಇವತ್ತೇ ಹೋಗಿ ನೋಡಿ ಬನ್ನಿ.